ಪೊದೇರನ ಬಾವುಟ

ತಿರುವಿನಲ್ಲಿ ಪಾವ್ ಮಾರುವ ರುಜಾರನ ಸೈಕಲ್ಲು ಪೊಂ ಪೊಂ ಎಂದದ್ದೇ ತಡ, ಪಿಯೆದಾದ್ ತನ್ನ ಫೆನಿ ಅಂಗಡಿಯ ಕಿಟಕಿಯನ್ನು ದಡಾರನೆ ಮುಚ್ಚಿದಳು. ಇಷ್ಟು ವರ್ಷ ಅದೇ ಸದ್ದಿಗೆ ಚೀಲ ಹಿಡಿದು ಬಾಗಿಲಿಗೆ ಓಡುತ್ತಿದ್ದವಳು ಅವಳು. ಆದರೆ ತಮ್ಮ ಕೇರಿ ದೊಂಗರ್‌ವಾಡೊದಲ್ಲಿ ಇನ್ನು ಯಾರೂ ಆ ಪೊದೇರನ ಹತ್ತಿರ ಪಾವ್ ಕೊಳ್ಳಕೂಡದೆಂದು ನಿನ್ನೆ ಮೈದಾನದಲ್ಲೇ ಕೂಗಿ ಹೇಳಿ ಬಂದಿದ್ದಳು. ಈಗ ತಾನೇ ಕೊಂಡರೆ ಮರ್ಯಾದೆ ಎಲ್ಲಿ ಉಳಿಯಿತು?

ನಿನ್ನೆ ಇಗರ್ಜಿಯ ಮೈದಾನದಲ್ಲಿ ಫುಟ್‌ಬಾಲ್ ಫೈನಲ್. ಪಕ್ಕದ ತಳ್ಯಾವಾಡೊದವರು ಒಂದು ಗೋಲು ಮುಂದಿದ್ದರು. ಇನ್ನೇನು ಸೀಟಿ ಊದಬೇಕು, ಅಷ್ಟರಲ್ಲಿ ಪಿಯೆದಾದಳ ಮಗ ಮಿಂಗೆಲ್ ಚೆಂಡನ್ನು ಬಲೆಯೊಳಕ್ಕೆ ಬಾರಿಸಿದ. ಇಡೀ ವಾಡೊ ಎದ್ದು ಕುಣಿಯುತ್ತಿದ್ದರೆ ಅತ್ತ ಗೆರೆಯ ಮೇಲೆ ಲೈನ್ಸ್‌ಮನ್ ಬಾವುಟ ಎತ್ತಿ ನಿಂತಿದ್ದ. ಆಫ್‌ಸೈಡಂತೆ! ರೆಫರಿ ಗೋಲು ಕೊಡಲಿಲ್ಲ, ಕಪ್ ತಳ್ಯಾವಾಡೊಗೆ ಹೋಯಿತು. ಆ ಲೈನ್ಸ್‌ಮನ್ ಯಾರೋ ಪರವೂರಿನವನಾಗಿದ್ದರೆ ನಾಲ್ಕು ಬೈದು ಸುಮ್ಮನಾಗಬಹುದಿತ್ತು. ಅವನು ಇದೇ ರುಜಾರ್, ಇವರದೇ ವಾಡೊದ ಪೊದೇರ್. ಸಾಲದ್ದಕ್ಕೆ ಮಿಂಗೆಲನ ಜ್ಞಾನಸ್ನಾನದ ದಿನ ಕೂಸನ್ನು ಕೈಯಲ್ಲಿ ಹಿಡಿದು ನಿಂತಿದ್ದ ಧರ್ಮತಂದೆ, ಹುಡುಗನಿಗೆ ಪಾದ್ರಿನ್, ಪಿಯೆದಾದಳಿಗೆ ಕುಂಪಾರ್.

ಅವನನ್ನು ಆ ಗೆರೆಯ ಮೇಲೆ ನಿಲ್ಲಿಸಿದವಳು ತಾನೇ ಎಂಬುದು ಅವಳ ಹೊಟ್ಟೆ ಇನ್ನಷ್ಟು ಉರಿಸುತ್ತಿತ್ತು. ಬರಬೇಕಾಗಿದ್ದ ಲೈನ್ಸ್‌ಮನ್ ಬರಲಿಲ್ಲವೆಂದು ಎಲ್ಲ ಪೇಚಾಡುತ್ತಿದ್ದಾಗ, ಹಿಂದೊಮ್ಮೆ ರೆಫರಿ ಪರೀಕ್ಷೆ ಪಾಸಾಗಿದ್ದ ರುಜಾರನನ್ನು ತೋಳು ಹಿಡಿದು ಎಳೆದು ತಂದಿದ್ದಳು. ತಳ್ಯಾವಾಡೊದವರು ತಕರಾರು ತೆಗೆದಾರೆಂದು ಸೊಂಟಕ್ಕೆ ಕೈಯಿಟ್ಟು ತಯಾರಾಗಿಯೂ ನಿಂತಿದ್ದಳು. ಅವರೋ, ರುಜಾರನಾ, ಆಗಲಿ ಬಿಡಿ ಎಂದು ಒಂದೇ ಮಾತಿಗೆ ಒಪ್ಪಿಬಿಟ್ಟರು. ಎಂಥ ಪೆದ್ದರಪ್ಪ ಎಂದು ಆಗ ಒಳಗೊಳಗೇ ನಕ್ಕಿದ್ದಳು.

ಅಂಗಡಿಯ ಬೆಂಚಿನ ಮೇಲೆ ಕೂತಿದ್ದ ಜೋಕಿಂ, ಅವಳ ಖಾಯಂ ಗಿರಾಕಿ, ಮಿಂಗೆಲ್ ಒಂದು ಚೂರು ಮುಂದಿದ್ದ ಹಾಗೆ ತನಗೂ ಕಂಡಿತ್ತು ಎಂದು ಮೆಲ್ಲಗೆ ಬಾಯಿಬಿಟ್ಟ. ಕುಡಿದವನ ಕಣ್ಣಿಗೆ ಮೈದಾನವೇ ಮುಂದೆ ಹಿಂದೆ ಆಗುತ್ತದೆ ಎಂದು ಅವಳು ಅವನ ಮುಂದಿನ ಲೋಟ ಎತ್ತಿಕೊಂಡಳು. ಆದರೂ ಜೋಕಿಂ ಬಿಡಲಿಲ್ಲ. ರುಜಾರನನ್ನು ಬಿಟ್ಟರೆ ಈ ಕಡೆ ಬರುವ ಇನ್ನೊಬ್ಬ ಪೊದೇರ್ ತಳ್ಯಾವಾಡೊದವನೇ ಅಲ್ಲವೇ, ಗೆದ್ದವರ ಪಾವ್ ತಿನ್ನೋಣವೇ ಎಂದು ಕೇಳಿದ.

"ಗಂಜಿ ಕುಡಿಯೋಣ," ಎಂದಳು ಪಿಯೆದಾದ್.

ಅಷ್ಟರಲ್ಲಿ ಮಿಂಗೆಲ್ ಚೀಲ ಹೆಗಲಿಗೇರಿಸಿಕೊಂಡು ಹೊರಬಂದ. ದಾಬೋಳಿ ವಿಮಾನ ನಿಲ್ದಾಣಕ್ಕೆ ಹೋಗುವ ಟ್ಯಾಕ್ಸಿ ಬಾಗಿಲಲ್ಲೇ ನಿಂತಿತ್ತು. ನಾಳೆ ದೂರದ ಬಂದರಿನಲ್ಲಿ ಅವನು ಕೆಲಸಕ್ಕೆಂದು ಹಡಗು ಹತ್ತಬೇಕು, ಮೊದಲ ಸಲ. ಪಾದ್ರಿನ್ನನ ಬೆಸಾಂವ್ ಪಡೆಯದೆ ಆ ವಾಡೊದ ಯಾವ ಹುಡುಗನೂ ಹಡಗು ಹತ್ತಿದವನಲ್ಲ. ನಿನ್ನೆ ರಾತ್ರಿಯ ಊಟಕ್ಕೆ ಬಂದು ರುಜಾರ್ ತಲೆಯ ಮೇಲೆ ಕೈಯಿಟ್ಟು ಹರಸಬೇಕಿತ್ತು. ಬಂದವನನ್ನು ಪಿಯೆದಾದ್ ಹೊಸಿಲು ದಾಟಗೊಟ್ಟಿರಲಿಲ್ಲ. ಆಮೇಲೆ ಅವಳಿಗೂ ನಿದ್ದೆ ಬರಲಿಲ್ಲ, ಅದು ಬೇರೆ ಮಾತು.

ಮಗ ಟ್ಯಾಕ್ಸಿಯ ಕಡೆ ಹೋಗದೆ ನೆಟ್ಟಗೆ ಸೈಕಲ್ಲಿನ ಮುಂದೆ ಹೋಗಿ ಕೈಮುಗಿದು ನಿಂತ. ಅವಳು ಚಪ್ಪಲಿಯನ್ನೂ ಮೆಟ್ಟದೆ ರಸ್ತೆಗೆ ಓಡಿ ಬಂದು ಇಬ್ಬರ ನಡುವೆ ನಿಂತಳು. ರುಜಾರನ ಬುಟ್ಟಿ ತುಂಬಿಯೇ ಇತ್ತು. ಅಕ್ಕಪಕ್ಕದ ಕಿಟಕಿಗಳೆಲ್ಲ ಮುಚ್ಚಿದ್ದವು, ಮುಚ್ಚಿದ ಕಿಟಕಿಗಳ ಹಿಂದೆ ಜನ ಇದ್ದರು.

"ಆಫ್‌ಸೈಡ್ ನೋಡು ಅಂತ ನಾನು ನಿನ್ನ ಅಲ್ಲಿ ನಿಲ್ಲಿಸಿದ್ನಾ ಕುಂಪಾರ್?" ಎಂದಳು. "ನಮ್ಮವನು ಅಂತ ನಿಲ್ಲಿಸಿದ್ದು. ಊರಲ್ಲಿ ಅವನ ಕೊನೇ ಆಟ ಅದು. ಗೊತ್ತಿತ್ತು ತಾನೆ?"

ರುಜಾರ್ ಗೊತ್ತಿತ್ತು ಎಂಬಂತೆ ತಲೆಯಾಡಿಸಿದ. ಅವನ ಕಣ್ಣುಗಳೂ ಕೆಂಪಗಿದ್ದವು, ಒಲೆಯ ಹೊಗೆಯದೋ ಮತ್ತೇನೋ.

"ಹಾಗಾದ್ರೆ ಈಗ ಹೇಳು. ಕಣ್ಣು ತಪ್ಪಿತು, ಅದು ಗೋಲೇ ಅಂತ ಹುಡುಗನ ಮುಂದೆ ಒಂದು ಮಾತು ಹೇಳು, ಸಾಕು. ಆಮೇಲೆ ನಿನ್ನ ಬೆಸಾಂವ್ ಕೊಡು. ಇಲ್ಲದಿದ್ರೆ ಅವನು ಹಾಗೇ ಹೋಗ್ಲಿ."

ಟ್ಯಾಕ್ಸಿಯವನು ಹಾರನ್ ಒತ್ತಿದ. ಮಿಂಗೆಲ್ ನೆಲ ನೋಡುತ್ತಿದ್ದ. ರುಜಾರ್ ಸೈಕಲ್ಲನ್ನು ಗೋಡೆಗೆ ಒರಗಿಸಿ, ಹಿಟ್ಟು ಮೆತ್ತಿದ ಕೈಯನ್ನು ಚಡ್ಡಿಗೆ ಒರೆಸಿಕೊಂಡ.

"ಹೇಳ್ತೀನಿ ಪಿಯೆದಾದ್‌ಬಾಯ್, ಅದರಲ್ಲೇನಿದೆ," ಎಂದ. "ಆದ್ರೆ ಸುಳ್ಳು ಹೇಳಿದ ಬಾಯಲ್ಲೇ ಬೆಸಾಂವೂ ಹೇಳ್ಬೇಕಲ್ಲ. ಅದು ಸಮುದ್ರದ ಮೇಲೆ ಇವನನ್ನ ಕಾಯುತ್ತಾ? ನೀನೇ ಹೇಳು."

ಪಿಯೆದಾದ್ ಮಗನ ಚೀಲ ನೋಡಿದಳು, ರುಜಾರನ ಬುಟ್ಟಿ ನೋಡಿದಳು, ಕೊನೆಗೆ ಪಕ್ಕಕ್ಕೆ ಸರಿದು ನಿಂತಳು.

ರುಜಾರ್ ಬಲಗೈ ಎತ್ತಿದ. ನಿನ್ನೆ ಬಾವುಟ ಹಿಡಿದಿದ್ದ ಅದೇ ಕೈ ಇವತ್ತು ಮಿಂಗೆಲನ ನೆತ್ತಿಯ ಮೇಲೆ ಶಿಲುಬೆಯ ಗುರುತು ಬರೆಯಿತು. "ದೇವ್ ಬರೆಂ ಕರುಂ," ಎಂದ ಅವನು, ದೇವರು ಒಳ್ಳೆಯದು ಮಾಡಲಿ ಎಂದು. ಮಿಂಗೆಲ್ ಆಮೆನ್ ಎಂದ.

"ಆಮೆನ್," ಎಂದಳು ಪಿಯೆದಾದ್ ಕಣ್ಣೊರೆಸಿಕೊಳ್ಳುತ್ತಾ. "ಆದ್ರೂ ಅದು ಗೋಲೇ."