ಎದ್ದು ನಿಂತವರು

“ಕಾಶ್ಮೀರದ ಗಡಿಯಲ್ಲಿ ಮಡಿದ ಹಗರೆ ಗ್ರಾಮದ ಯೋಧ…” ಅಂತ ವಾರ್ತೆ ಬರುತ್ತಲೇ ಶ್ಯಾಮಲಾ ಧಾವಿಸಿ ರೇಡಿಯೋ ಆಫ್ ಮಾಡಿದಳು. ಗುಂಡಿ ಕಿತ್ತು ಕೈಗೇ ಬಂತು. ಗಂಡ ಹೋದನೆಂಬ ತಂತಿ ನಿನ್ನೆಯೇ ಬಂದಿತ್ತು. ಹೇಳಿದರೆ ಎದೆನೋವಿನ ಅತ್ತೆ ಎಲ್ಲಿ ಎದೆ ಒಡೆದುಕೊಂಡಾರೋ ಎಂಬ ಹೆದರಿಕೆಗೆ ಅದನ್ನು ಅಕ್ಕಿ ಡಬ್ಬದೊಳಗೆ ತುರುಕಿ, ಕುಂಕುಮ ಇಟ್ಟುಕೊಂಡೇ ಓಡಾಡುತ್ತಿದ್ದಳು.

ಎದುರಿನ ಹೋಟೆಲಿನ ರೇಡಿಯೋ ಮಾತ್ರ ನಿಲ್ಲಲಿಲ್ಲ. “…ಚನ್ನಕೇಶವ ಅವರಿಗೆ ವಿಧಾನಸಭೆಯಲ್ಲಿ ಸದಸ್ಯರೆಲ್ಲ ಎದ್ದು ನಿಂತು, ಒಂದು ನಿಮಿಷ ಮೌನವಾಗಿ ಶ್ರದ್ಧಾಂಜಲಿ ಸಲ್ಲಿಸಿದರು.”

ಅಕ್ಕಿ ಹಸನು ಮಾಡುತ್ತಿದ್ದ ಅತ್ತೆ ಹನುಮಕ್ಕ ಮೊರ ಬದಿಗಿಟ್ಟು, ಗೋಡೆ ಹಿಡಿದು ಮೆಲ್ಲಗೆ ಎದ್ದು ನಿಂತರು.

“ಅತ್ತೆ, ನಿಮಗೆ…”

“ದಿನಾ ಅಕ್ಕಿ ತೆಗೆಯೋಳು ನಾನಲ್ವೇನವ್ವ? ತಂತಿ ನಿನ್ನೇನೆ ಸಿಕ್ತು. ನಿನ್ನ ಹಣೇಲಿ ಕುಂಕುಮ ಇನ್ನೊಂದಿನ ಇರ್ಲಿ ಅಂತ ಸುಮ್ಕಿದ್ದೆ.”