ಜ್ವರಕ್ಕೆ ಕೂತ ಹತ್ತನೇ ನಂಬರು

ಟಿವಿಯಲ್ಲಿ ಯಾವ ಫುಟ್‌ಬಾಲ್ ಆಟಗಾರನಾದರೂ ಮೈದಾನದ ನಡುವೆ ಸುಮ್ಮನೆ ನಿಂತರೆ ಸಾಕು, ನನಗೆ ಇವತ್ತಿಗೂ ಹಿಪ್ಪುನೇರಳೆ ಸೊಪ್ಪಿನ ವಾಸನೆ ಬರುತ್ತದೆ.

ಸುಗಟೂರಿನ ನಮ್ಮ ರೇಷ್ಮೆಹುಳದ ಮನೆಯಲ್ಲಿ ಆ ಭಾನುವಾರ ಹುಳುಗಳು ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಆ ಹೊತ್ತಿನಲ್ಲಿ ಅವು ತಲೆ ಎತ್ತಿಕೊಂಡು ಕೂತುಬಿಡುತ್ತವೆ; ತಿನ್ನುವುದಿಲ್ಲ, ಅಲುಗುವುದಿಲ್ಲ. ಯಾರೂ ಸದ್ದು ಮಾಡಬಾರದೆಂದು ಅಜ್ಜಿಯ ಕಟ್ಟಪ್ಪಣೆ. ಬಾಗಿಲ ಬಳಿ ಸೊಪ್ಪಿನ ಗೋಣಿಚೀಲದ ಮೇಲೆ ಕುಳಿತು ನಾನೂ ಚಿಕ್ಕಪ್ಪನೂ ಮೊಬೈಲಿನಲ್ಲಿ ಸ್ಪೇನಿನ ಲೀಗ್ ಪಂದ್ಯ ನೋಡುತ್ತಿದ್ದೆವು. ನನ್ನ ತಂಡದ ಹತ್ತನೇ ನಂಬರಿನವನು ನಿಂತಲ್ಲೇ ನಿಂತಿದ್ದ.

“ಕೋಟಿ ಕೋಟಿ ಸುರಿದು ಕಂಬ ತಂದು ನಿಲ್ಸವ್ರೆ,” ಎಂದು ಚಿಕ್ಕಪ್ಪ ಪಿಸುಗುಟ್ಟಿದ. “ಇಂಗ್ಲೆಂಡಿನ ನನ್ನ ಕ್ಲಬ್ ಆಗಿದ್ರೆ ಇಷ್ಟೊತ್ಗೆ ಈಚೆ ಕಳಿಸ್ತಿದ್ರು ಕಣೋ.”

ನನಗೆ ಅಳು ಬರುವಂತಾಯಿತು. ಹುಳುಗಳ ಮೇಲೆ ಸುಣ್ಣದ ಪುಡಿ ಉದುರಿಸುತ್ತಿದ್ದ ಅಜ್ಜಿ ಮೊಬೈಲಿನತ್ತ ಬಗ್ಗಿ ನೋಡಿದಳು.

“ಸೋಂಬೇರಿ ಅಲ್ಲ ಕಣೋ ಅವ್ನು. ಜ್ವರಕ್ಕೆ ಕೂತವ್ನೆ. ಏಳ್ಲಿ ತಾಳು, ಆಮೇಲೆ ನೋಡು ಹಸಿವು.”

ಆಟ ಮುಗಿಯುವ ಮುನ್ನ ಅವನು ಎದ್ದ. ಅಡ್ಡ ಬಂದವರನ್ನೆಲ್ಲ ದಾಟಿ ಗೋಲು ಹೊಡೆದ. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ.

ಕೂಗಿದ್ದು ಅಜ್ಜಿ.

ಮೂವರೂ ಗಾಬರಿಯಿಂದ ಹುಳುಗಳ ತಟ್ಟೆಗಳತ್ತ ತಿರುಗಿದೆವು. ಎತ್ತಿದ ತಲೆ ಒಂದೂ ಅಲುಗಿರಲಿಲ್ಲ. ಅಜ್ಜಿ ಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಂಡು ಚಿಕ್ಕಪ್ಪನನ್ನು ದುರುಗುಟ್ಟಿ ನೋಡಿದಳು.

“ಲೇ, ಸದ್ದು ಮಾಡ್ಬೇಡ ಅಂದಿರ್ಲಿಲ್ವೇನೋ?”