ಅಜ್ಜಿ ಕಾಲು ನೀಡಿ ಕುಳಿತ ಮಧ್ಯಾಹ್ನ

ಲಕ್ಕಿಸೊಪ್ಪು ಬೆಂದ ವಾಸನೆ ಬಂದರೆ ಈಗಲೂ ಮಿಡಿಗೇಶಿಯ ನಮ್ಮ ಬಚ್ಚಲುಮನೆ ಕಣ್ಮುಂದೆ ಬರುತ್ತದೆ.

ಊರ ಕೂಸುಗಳಿಗೆಲ್ಲ ನೀರೆರೆದಿದ್ದ ಅಜ್ಜಿ ಮಂಡಿನೋವಿನಿಂದ ನೆಲಕ್ಕೆ ಕೂರಲಾರದೆ ಹೋಗಿದ್ದಳು. ಗಾಡಿ ಕಟ್ಟಿಸಿಕೊಂಡು ಹೋಗಿ ತಂದ ಮಧುಗಿರಿ ಡಾಕ್ಟರ ಪುಡಿ, ಸಿರಾದ ಹಕೀಮರ ಎಣ್ಣೆ ಎರಡೂ ಮುಗಿದಿದ್ದವು. ಅಮ್ಮನಿಗೆ ದಿನ ತುಂಬುತ್ತಿದ್ದಂತೆ ನನ್ನ ಸೋದರತ್ತೆ ದಿನಾ ಬಿಸಿ ಲಕ್ಕಿಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಅಜ್ಜಿಯ ಮಂಡಿಗೆ ಶಾಖ ಕೊಟ್ಟಳು, ಹರಳೆಣ್ಣೆ ತಿಕ್ಕಿದಳು.

ತಂಗಿ ಹುಟ್ಟಿದ ಹನ್ನೊಂದನೇ ದಿನ ಅಜ್ಜಿ ಗೋಡೆ ಹಿಡಿದು ಮೆಲ್ಲಗೆ ಕುಳಿತು ಕಾಲು ನೀಡಿದಳು.

"ನೋಯ್ತೈತಾ?" ಎಂದಳು ಅತ್ತೆ.

"ನೋಯ್ಲಿ ಬುಡು, ಕೂಸು ಕೊಡೇ ಇಲ್ಲಿ!"

ಬಿಸಿನೀರು ಬಿದ್ದೊಡನೆ ಅಜ್ಜಿಯ ಕಾಲ ಮೇಲೆ ಮಲಗಿದ್ದ ತಂಗಿ ಕಿರುಚಿದಳು. ಅವಳಿಗಿಂತ ಜೋರಾಗಿ ಅಜ್ಜಿ ನಕ್ಕಳು. ಚೊಂಬು ಹಿಡಿದಿದ್ದ ನಾನೂ ನೆನೆದು ತೊಪ್ಪೆಯಾದೆ.

ಅಜ್ಜಿಯನ್ನು ಮೇಲೆತ್ತಲು ಇಬ್ಬರು ಬೇಕಾಯಿತು. ನಿಂತವಳೇ ಏದುಸಿರಲ್ಲೇ ಹೇಳಿದಳು: "ನಾಳೆ ಇನ್ನೊಂದ್ ಹಂಡೆ ಕಾಯ್ಸು ಕಣಮ್ಮ."